ಹಳೆಯ ಕ್ಯಾರವಾನ್ ಟ್ರೇಲರಿನ ಸೋರಿಕೆ ಮತ್ತು ಕುಂಬಾದ ಗೋಡೆ: ಚೌತಿಯೊಳಗೆ ದುರಸ್ತಿ ಸಾಧ್ಯವೇ?

ಮಾಜಾಳಿ ತೀರವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರಿನ ಹಿಂದೆ ಕಟ್ಟಿ ಎಳೆಯುವ ಮಾದರಿಯ ಹಳೆಯ ಕ್ಯಾರವಾನ್ ಟ್ರೇಲರೊಂದನ್ನು ಗೋವಾದಲ್ಲಿ ಒಬ್ಬರಿಂದ ಕೊಂಡು, ಕಾರವಾರದ ಸಮೀಪ ಮಾಜಾಳಿಯಲ್ಲಿರುವ ನಮ್ಮ ತೆಂಗಿನ ಹಿತ್ತಲಿನಲ್ಲಿ ನಿಲ್ಲಿಸಿದ್ದೇವೆ. ಸಮುದ್ರ ಅಲ್ಲಿಂದ ಕೂಗಳತೆಯ ದೂರದಲ್ಲಿದೆ. ಟ್ರೇಲರ್ ಸುಮಾರು ಐದು ಮೀಟರ್ ಉದ್ದ, ಎರಡು ಮೀಟರ್ ಅಗಲವಿದ್ದು, ಹೊರಗೆ ಅಲೆಯಲೆಯಾದ ಅಲ್ಯುಮಿನಿಯಂ ತಗಡು, ಒಳಗೆ ತೆಳುವಾದ ಪ್ಲೈವುಡ್, ಇವೆರಡರ ನಡುವೆ ಮರದ ರೀಪುಗಳ ಚೌಕಟ್ಟು ಮತ್ತು ಥರ್ಮಾಕೋಲ್ ಇದೆ. ರಸ್ತೆಯ ಮೇಲೆ ಓಡಿಸುವ ಉದ್ದೇಶ ನಮಗಿಲ್ಲ. ಹೋಂಸ್ಟೇಗೆ ಬರುವವರಿಗೆ ಒಂದು ಹೆಚ್ಚುವರಿ ಕೋಣೆಯಾಗಲಿ ಎಂದು ತಂದದ್ದು.

ಬೇಸಿಗೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಮೃಗಶಿರಾ ಮಳೆ ಹಿಡಿದ ಮೇಲೆ ಹಿಂಬದಿಯ ಕಿಟಕಿಯ ಬಲ ಮೂಲೆಯ ಕೆಳಗೆ ಕಂದು ಬಣ್ಣದ ಕಲೆ ಮೂಡಿತು. ಈಗ ಆರಿದ್ರಾ ಮಳೆಯಲ್ಲಿ ಆ ಕಲೆ ಹಾಸಿಗೆಯ ಪೆಟ್ಟಿಗೆಯವರೆಗೂ ಇಳಿದಿದ್ದು, ಆ ಭಾಗದ ನೆಲದ ಹಲಗೆ ಕಾಲಿಟ್ಟರೆ ಮೆತ್ತಗೆ ಕುಗ್ಗುತ್ತದೆ. ನಿನ್ನೆ ಮೂಲೆಯ ಪ್ಲೈವುಡ್ಡಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಿದಾಗ ಅದು ಯಾವ ತಡೆಯೂ ಇಲ್ಲದೆ ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆಳೆದಾಗ ಆ ತೂತಿನಿಂದ ಕಷಾಯದ ಬಣ್ಣದ ನೀರು ಇಳಿಯಿತು. ಮಾಡಿನ (ಛಾವಣಿಯ) ಒಳಮೈಯಲ್ಲಿಯೂ ಗಾಳಿಕಿಂಡಿಯ ಪಕ್ಕ ಹಲಗೆ ಉಬ್ಬಿದೆ. ಬೂಷ್ಟಿನ ವಾಸನೆಯಂತೂ ಬಾಗಿಲು ತೆರೆದ ಕೂಡಲೇ ಮೂಗಿಗೆ ಹೊಡೆಯುತ್ತದೆ.

ಚೌತಿಗೆ ಮುಂಬಯಿಯಿಂದ ನೆಂಟರು ಬರುವವರಿದ್ದು, ಅವರಲ್ಲಿ ಇಬ್ಬರನ್ನು ಇದರಲ್ಲಿ ಮಲಗಿಸಬಹುದು ಎಂದುಕೊಂಡಿದ್ದೆವು. ಇಲ್ಲಿನ ಗ್ಯಾರೇಜಿನವರೊಬ್ಬರು ಮಾಡಿಗೆ ಪೂರ್ತಿಯಾಗಿ ಫೈಬರ್ (ಗಾಜಿನ ನಾರು ಮತ್ತು ರಾಳದ ಪದರ) ಹೊದಿಸಿಬಿಟ್ಟರೆ ಮತ್ತೆ ಚಿಂತೆಯಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಎಲ್ಲ ಸಂದುಗಳಿಗೂ ಸಿಲಿಕೋನ್ ತುಂಬಿಸಿ ಎನ್ನುತ್ತಾರೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ಚೌತಿಯೊಳಗೆ ಮುಗಿಯುವುದೇ, ಈ ಎರಡರಲ್ಲಿ ಯಾವ ಸಲಹೆ ಸರಿ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಸೋಗೆಮಾಡು, ಶಿರಸಿ

ಮಾಜಾಳಿಯವರೇ, ಮೊದಲಿಗೆ ಚೌತಿಯ ಆಸೆಯನ್ನು ಬಿಡಿ. ನೆಂಟರಿಗೆ ಮನೆಯ ಜಗುಲಿಯೇ ವಾಸಿ. ಈ ಕೆಲಸದಲ್ಲಿ ಸೀಲಂಟಿಗಿಂತ, ಪ್ಲೈವುಡ್ಡಿಗಿಂತ ಮುಖ್ಯವಾದದ್ದು ಪಂಚಾಂಗ. ಮಳೆಗಾಲದಲ್ಲಿ ಬಿಚ್ಚಬಹುದು, ಒಣಗಿಸಲು ತೊಡಗಬಹುದು, ಆದರೆ ಮುಚ್ಚಬಾರದು. ಇದಕ್ಕೆ ಕಾರಣವಿದೆ. ಮರವು ತನ್ನ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡು ನಿಲ್ಲುವ ವಸ್ತು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 90 ಇದ್ದಾಗ, ಅಂದರೆ ಕರಾವಳಿಯ ಆಷಾಢದ ದಿನಗಳಲ್ಲಿ, ಎಷ್ಟೇ ಫ್ಯಾನು ಹಾಕಿದರೂ ಮರದ ತೇವಾಂಶ ಶೇ. 20ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆರ್ದ್ರತೆ ಶೇ. 65ಕ್ಕೆ ಇಳಿದರೆ ಅದೇ ಮರ ಶೇ. 12ರ ಸುತ್ತಮುತ್ತ ಬರುತ್ತದೆ. ಮರವನ್ನು ಕುಂಬು ಮಾಡುವ, ಅಂದರೆ ಕೊಳೆಯಿಸುವ, ಶಿಲೀಂಧ್ರಕ್ಕೆ ಬೇಕಾದದ್ದು ಶೇ. 20ಕ್ಕಿಂತ ಮೇಲಿನ ತೇವ. ಆದ್ದರಿಂದ ಈಗ ಅವಸರದಲ್ಲಿ ಹೊಸ ಹಲಗೆ ಕೂರಿಸಿ ಸಂದು ಮುಚ್ಚಿದರೆ ನೀರು ಒಳಗೇ ಉಳಿಯುತ್ತದೆ, ಮುಂದಿನ ವರ್ಷ ಹೊಸ ಹಲಗೆಯನ್ನೇ ಕಿತ್ತು ಎಸೆಯಬೇಕಾಗುತ್ತದೆ.

ಈಗ ಮಾಡಬೇಕಾದ ಮೊದಲ ಕೆಲಸ, ಟ್ರೇಲರಿನ ಮೇಲೆ ಒಂದು ಚಪ್ಪರ. ಅಡಕೆ ಮರದ ಕಂಬಗಳ ಮೇಲೆ ತಗಡು ಹಾಕಿದರೂ ಸಾಕು. ಟ್ರೇಲರಿನ ಮಾಡಿಗೂ ತಗಡಿಗೂ ನಡುವೆ ಎರಡು ಅಡಿಯಾದರೂ ಗಾಳಿಯಾಡುವ ಜಾಗವಿರಲಿ, ಸೂರು ನಾಲ್ಕೂ ಕಡೆ ಮೂರು ಅಡಿ ಮುಂದೆ ಚಾಚಿರಲಿ. ನಿಮ್ಮಲ್ಲಿ ಗಾಳಿಮಳೆ ಪಶ್ಚಿಮ ಮತ್ತು ನೈರುತ್ಯದಿಂದ ಬರುವುದರಿಂದ ಆ ಬದಿಗೆ ಇರಚಲು ತಡೆಯಲು ತಟ್ಟಿ ಕಟ್ಟಿಸಿ. ಅಗ್ಗವೆಂದು ತಾಡಪತ್ರಿಯನ್ನು ಟ್ರೇಲರಿನ ಮೈಗೇ ಬಿಗಿದು ಕಟ್ಟಬೇಡಿ. ಅದು ಮಳೆಯನ್ನು ತಡೆಯುವುದಕ್ಕಿಂತ ಒಳಗಿನ ತೇವ ಹೊರಹೋಗದಂತೆ ತಡೆಯುವುದೇ ಹೆಚ್ಚು, ಜೊತೆಗೆ ಗಾಳಿಗೆ ಬಡಿದು ತಗಡಿನ ಬಣ್ಣವನ್ನೂ ಉಜ್ಜಿ ತೆಗೆಯುತ್ತದೆ. ನಮ್ಮ ಘಟ್ಟದ ಮೇಲಿನ ಹಳೆಯ ಮನೆಗಳು ಮಣ್ಣಿನ ಗೋಡೆಯಿದ್ದೂ ಅಷ್ಟು ವರ್ಷ ಬಾಳಿದ್ದು ಮುಂದೆ ಚಾಚಿದ ಸೂರಿನಿಂದ, ಮಳೆಗೆ ಮುನ್ನ ಕಟ್ಟುತ್ತಿದ್ದ ತಟ್ಟಿಗಳಿಂದ. ಸೂರೇ ಇಲ್ಲದ ಪೆಟ್ಟಿಗೆಯಾದ ಕ್ಯಾರವಾನ್ ಇಂಥ ಮಳೆಗೆಂದು ಹುಟ್ಟಿದ್ದಲ್ಲ. ಅದನ್ನು ರೂಪಿಸಿದ ದೇಶಗಳಲ್ಲಿ ಇಡೀ ವರ್ಷ ಬೀಳದಷ್ಟು ಮಳೆ ನಮ್ಮಲ್ಲಿ ಒಂದೇ ತಿಂಗಳಲ್ಲಿ ಸುರಿಯುವುದುಂಟು.

ಚಪ್ಪರವಾದ ಮೇಲೆ ಒದ್ದೆಯಾದ ಒಳಗಿನ ಪ್ಲೈವುಡ್ಡನ್ನು ಕತ್ತರಿಸಿ ತೆಗೆಸಿ. ಕಲೆ ಎಲ್ಲಿದೆಯೋ ಅಲ್ಲಿಗೆ ನಿಲ್ಲಿಸದೆ, ಗಟ್ಟಿ ಮರ ಸಿಗುವವರೆಗೆ, ಅದರಿಂದಲೂ ಒಂದು ಗೇಣು ಆಚೆಯವರೆಗೆ ಹೋಗಿ. ನೆನೆದ ಥರ್ಮಾಕೋಲನ್ನೂ ತೆಗೆಯಿರಿ. ಕಲೆ ಕಂಡ ಜಾಗವೇ ಸೋರುವ ಜಾಗವೆಂದು ತಿಳಿಯಬೇಡಿ. ಮಾಡಿನ ಅಂಚಿನಲ್ಲಿ ಒಳಹೊಕ್ಕ ನೀರು ರೀಪಿನ ಮೇಲೆ ಹರಿದು ಕಿಟಕಿಯ ಚೌಕಟ್ಟಿಗೆ ಬಂದು, ಅಲ್ಲಿಂದ ಮೂಲೆಗೆ ಇಳಿದು ನಿಮಗೆ ಕಂಡಿರುವ ಸಂಭವವೇ ಹೆಚ್ಚು. ಮಾಡು ಮತ್ತು ಗೋಡೆ ಕೂಡುವ ಅಂಚಿನ ಉದ್ದಕ್ಕೂ ಒಂದು ಅಲ್ಯುಮಿನಿಯಂ ಮೋಲ್ಡಿಂಗ್ ಪಟ್ಟಿ ಇರುತ್ತದೆ. ಅದರ ನಡುವಿನ ಪ್ಲಾಸ್ಟಿಕ್ ದಾರವನ್ನು ಎಳೆದರೆ ಸಾಲಾಗಿ ಸ್ಕ್ರೂಗಳು ಕಾಣುತ್ತವೆ. ಅವುಗಳಲ್ಲಿ ಕೆಲವನ್ನು ಬಿಚ್ಚಿ ನೋಡಿ. ಸ್ಕ್ರೂವಿನ ತಲೆ ಹೊಸದರಂತಿದ್ದು, ಮರದೊಳಗಿದ್ದ ಕಾಂಡ ಮಾತ್ರ ತುಕ್ಕು ತಿಂದು ನಡುವಿನಲ್ಲಿ ದಾರದಂತೆ ಸಣ್ಣಗಾಗಿದ್ದರೆ, ಸುತ್ತಲಿನ ತೂತಿನಲ್ಲಿ ಬಿಳಿಯ ಪುಡಿ ಕೂತಿದ್ದರೆ, ನೀರು ಬರುತ್ತಿರುವುದು ಅಲ್ಲಿಂದಲೇ ಎಂದು ಬಹುಮಟ್ಟಿಗೆ ಹೇಳಬಹುದು. ಆ ಬಿಳಿಯ ಪುಡಿ, ಕಬ್ಬಿಣದ ಸ್ಕ್ರೂ ಮತ್ತು ಉಪ್ಪುನೀರಿನ ಸಹವಾಸದಲ್ಲಿ ಸವೆದ ಅಲ್ಯುಮಿನಿಯಂ.

ಸಿಲಿಕೋನಿನ ವಿಷಯದಲ್ಲಿ ನನ್ನದು ಖಂಡಿತವಾದ ವಿರೋಧ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಹುಳಿ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಅದು ಲೋಹವನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಸಿಲಿಕೋನ್ ಒಮ್ಮೆ ಕೂತ ಜಾಗಕ್ಕೆ ಮುಂದೆ ಬಣ್ಣವಾಗಲಿ, ಬೇರೆ ಸೀಲಂಟ್ ಆಗಲಿ, ಹೊಸ ಸಿಲಿಕೋನೇ ಆಗಲಿ ಸರಿಯಾಗಿ ಅಂಟುವುದಿಲ್ಲ. ಎರಡು ಬಣ್ಣದ ಮುದ್ದೆಗಳನ್ನು ಕಲಸಿ ಹಚ್ಚುವ ಎಪಾಕ್ಸಿ ಪುಟ್ಟಿಯೂ ಈ ಸಂದುಗಳಿಗೆ ಬೇಡ. ಬಿಸಿಲಿನಲ್ಲಿ ಕಾದ ಮಾಡಿನ ಮೇಲೆ ಹಠಾತ್ತನೆ ಮಳೆ ಬಿದ್ದು ತಾಪ 40 ಡಿಗ್ರಿಯಷ್ಟು ಇಳಿದರೆ, ಐದು ಮೀಟರ್ ಉದ್ದದ ಅಲ್ಯುಮಿನಿಯಂ ತಗಡು ನಾಲ್ಕೂವರೆ ಮಿಲಿಮೀಟರಿನಷ್ಟು ಕುಗ್ಗುತ್ತದೆ. ಕಲ್ಲಿನಷ್ಟು ಗಟ್ಟಿಯಾಗುವ ಪುಟ್ಟಿ ಆ ಚಲನೆಯನ್ನು ತಡೆದುಕೊಳ್ಳಲಾರದೆ ಬಿರುಕು ಬಿಡುತ್ತದೆ.

ಸರಿಯಾದ ವಿಧಾನವೆಂದರೆ ಆ ಮೋಲ್ಡಿಂಗ್ ಪಟ್ಟಿಯನ್ನು ಪೂರ್ತಿಯಾಗಿ ಬಿಚ್ಚಿ, ಹಳೆಯ ಪುಟ್ಟಿಯನ್ನು ಮರದ ಕೆತ್ತುಗತ್ತಿಯಿಂದ ಕೆರೆದು, ಸ್ಪಿರಿಟಿನಿಂದ ಒರಸಿ, ಪಟ್ಟಿಯ ಅಡಿಗೆ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರಿನ ಅಂಟುಪಟ್ಟಿ) ಹಾಸಿ, ಸ್ಟೇನ್‌ಲೆಸ್ ಸ್ಕ್ರೂಗಳಿಂದ ಮತ್ತೆ ಬಿಗಿಯುವುದು. ಬ್ಯುಟೈಲ್ ಎಂದೂ ಗಟ್ಟಿಯಾಗುವುದಿಲ್ಲ, ತಗಡಿನೊಂದಿಗೆ ತಾನೂ ಹಿಗ್ಗಿ ಕುಗ್ಗುತ್ತದೆ. ಎರಡೂ ಬದಿ ಅಂಟುವ ಟೇಪ್ ನಮ್ಮ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಾಣದಿದ್ದರೆ ಕಾರಿನ ಗಾಜು ಕೂರಿಸುವವರ ಬಳಿ ವಿಚಾರಿಸಿ. ಬಿಗಿದಾಗ ಅಂಚಿನಿಂದ ಹೊರಗೆ ಉಕ್ಕಿದ ಟೇಪನ್ನು ಕೂಡಲೇ ಕತ್ತರಿಸದೆ, ಒಂದೆರಡು ದಿನ ಬಿಸಿಲು ತಾಗಲು ಬಿಟ್ಟು, ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿದು, ಆಮೇಲೆ ಪ್ಲಾಸ್ಟಿಕ್ ಚೂರಿನಿಂದ ಸವರಿ ತೆಗೆಯಿರಿ. ಕಿಟಕಿಗಳಿಗೂ ಗಾಳಿಕಿಂಡಿಗೂ ಹಿಂಬದಿಯ ದೀಪಗಳಿಗೂ ಇದೇ ಕ್ರಮ. ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಕಾಲ ಪ್ರಶಸ್ತ.

ಕುಮಟಾ ಪ್ರವಾಸಿ

ಮೇಲಿನವರು ಹೇಳಿದ್ದೆಲ್ಲ ಸರಿಯೇ. ಆದರೆ ಚಪ್ಪರಕ್ಕೆ ಜನ ಸಿಗುವವರೆಗೆ ಏನಾದರೂ ಮಾಡಲೇಬೇಕಲ್ಲವೇ? ಹೊರಮೈಗೆ ಅಲ್ಯುಮಿನಿಯಂ ಹಾಳೆಯಿದ್ದು ಒಳಗೆ ಬ್ಯುಟೈಲ್ ಇರುವ ಬೆಳ್ಳಿ ಬಣ್ಣದ ಟೇಪ್ ಈಗ ಎಲ್ಲೆಡೆ ಸಿಗುತ್ತದೆ. ನಮ್ಮ ಟೆಂಪೊ ಟ್ರಾವೆಲರಿನ ಮಾಡಿನ ಸಂದಿಗೆ ಅದನ್ನು ಹಚ್ಚಿದ್ದೆವು, ಒಂದು ಮಳೆಗಾಲವನ್ನು ಅದು ಚೆನ್ನಾಗಿಯೇ ತಡೆಯಿತು. ಹಚ್ಚುವ ಜಾಗ ಮಾತ್ರ ಪೂರ್ತಿ ಒಣಗಿರಬೇಕು. ಹೊಳವಾದ ಒಂದು ಮಧ್ಯಾಹ್ನ ನೋಡಿಕೊಂಡು ಒರಸಿ ಹಚ್ಚಿ.

ಸೋಗೆಮಾಡು, ಶಿರಸಿ

ಕುಮಟಾದವರ ಸಲಹೆಯನ್ನು ತಾತ್ಕಾಲಿಕ ಉಪಾಯವಾಗಿ ಒಪ್ಪುತ್ತೇನೆ. ಆದರೆ ಟೇಪನ್ನು ಮಾಡಿನ ಅಂಚಿಗೆ, ಗಾಳಿಕಿಂಡಿಯ ಸುತ್ತ ಮಾತ್ರ ಹಚ್ಚಿ, ಗೋಡೆಯ ಕೆಳಗಿನ ಅಂಚನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಒಳಗೆ ಸೇರಿದ ನೀರಿಗೆ ಈಗ ಅದೊಂದೇ ಹೊರದಾರಿ.

ಬೈತಖೋಲ ಫೈಬರ್

ಗ್ಯಾರೇಜಿನವರು ಹೇಳಿದ ಫೈಬರ್ ಹೊದಿಕೆಯ ವಿಷಯಕ್ಕೆ ಬರೆಯುತ್ತಿದ್ದೇನೆ. ನಮ್ಮದು ದೋಣಿಗಳಿಗೆ ಫೈಬರ್ ಮಾಡುವ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಡಕ್ಕೆ ಬಂದ ದೋಣಿಗಳ ದುರಸ್ತಿ ನಡೆಯುವುದು ಇದೇ ಕಾಲದಲ್ಲಿ, ಅದೂ ನಾಲ್ಕೂ ಕಡೆ ಮುಚ್ಚಿದ ಶೆಡ್ಡಿನೊಳಗೆ, ದೀಪದ ಶಾಖ ಕೊಟ್ಟು ಮರದ ಮೈ ಒಣಗಿಸಿಕೊಂಡ ಮೇಲೆ. ತೆರೆದ ಹಿತ್ತಲಿನಲ್ಲಿ, ಈ ಗಾಳಿಯಲ್ಲಿ, ಪಾಲಿಯೆಸ್ಟರ್ ರಾಳ ಸರಿಯಾಗಿ ಗಟ್ಟಿಯಾಗುವುದೇ ಅನುಮಾನ. ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಅವಸರಕ್ಕೆಂದು ರಾಳವನ್ನು ಗಟ್ಟಿ ಮಾಡುವ ಹಾರ್ಡನರ್ ಹೆಚ್ಚು ಸುರಿದರೆ ರಾಳ ಕಾದು ಬಿರಿಯುತ್ತದೆ.

ಮರದ ದೋಣಿಗೆ ಫೈಬರ್ ಹೊದಿಸುವುದೇ ಬೇರೆ, ಅಲ್ಯುಮಿನಿಯಂ ಮಾಡಿಗೆ ಹೊದಿಸುವುದೇ ಬೇರೆ. ಪಾಲಿಯೆಸ್ಟರ್ ರಾಳ ಅಲ್ಯುಮಿನಿಯಮ್ಮಿಗೆ ಬಹುಕಾಲ ಅಂಟಿಕೊಂಡಿರುವುದಿಲ್ಲ. ಎರಡೂ ಬಿಸಿಲಿಗೆ ಹಿಗ್ಗುವ ಪ್ರಮಾಣ ಬೇರೆಬೇರೆ ಆದ್ದರಿಂದ ಎರಡು ಬೇಸಿಗೆಯಲ್ಲಿ ಅಂಚು ಎದ್ದುಬರುತ್ತದೆ, ಆ ಅಂಚಿನಿಂದ ನುಗ್ಗಿದ ನೀರು ಎಲ್ಲಿ ಹೋಯಿತೆಂದು ಹುಡುಕುವುದೂ ಸಾಧ್ಯವಾಗುವುದಿಲ್ಲ. ಅಡಿಯಲ್ಲಿ ಈಗಾಗಲೇ ನೆನೆದಿರುವ ಮರವಿದ್ದರಂತೂ ಅದು ಅರಿಶಿನ ಎಲೆಯಲ್ಲಿ ಸುತ್ತಿದ ಕಡುಬಿನ ಹಾಗೆ ತನ್ನ ಹಬೆಯಲ್ಲಿ ತಾನೇ ಬೇಯುತ್ತದೆ. ಭಾರವನ್ನೂ ಲೆಕ್ಕ ಹಾಕಿ. ನಿಮ್ಮ ಮಾಡು ಹತ್ತು ಚದರ ಮೀಟರ್. ಚದರ ಮೀಟರಿಗೆ 450 ಗ್ರಾಮಿನ ಗಾಜುನಾರಿನ ಮ್ಯಾಟ್ ಎರಡು ಪದರ ಹಾಸಿದರೆ ಮ್ಯಾಟೇ ಒಂಬತ್ತು ಕಿಲೊ, ರಾಳ ಅದರ ಎರಡರಿಂದ ಎರಡೂವರೆ ಪಟ್ಟು. ಒಟ್ಟು ಮೂವತ್ತು ಕಿಲೊ ಭಾರವನ್ನು ಕುಂಬಾದ ರೀಪುಗಳ ತಲೆಯ ಮೇಲೆ ಹೊರಿಸಿದಂತಾಗುತ್ತದೆ. ಕೆಲಸ ನಮ್ಮಂಥವರಿಗೆ ಸಿಗುತ್ತದೆಂಬುದು ನಿಜವಾದರೂ ನಾನು ಇದನ್ನು ಮಾಡಿಸಬೇಡಿ ಎಂದೇ ಹೇಳುತ್ತೇನೆ.

ಫೈಬರ್ ಉಪಯೋಗಕ್ಕೆ ಬರುವುದು ನೆಲದಲ್ಲಿ. ಕುಗ್ಗುತ್ತಿರುವ ನೆಲದ ಹಲಗೆಯನ್ನು ಕೊಯ್ದು ತೆಗೆದು, ಆ ಜಾಗಕ್ಕೆ ಐಎಸ್ (ಭಾರತೀಯ ಮಾನಕ) 710 ಗುರುತಿನ ಮರೈನ್ ಪ್ಲೈವುಡ್ ಕೂರಿಸಿ. ಅಂಗಡಿಯವರು ಐಎಸ್ 303 ಗುರುತಿನದನ್ನು ತೋರಿಸಿ ಇದೂ ನೀರಿಗೆ ತಡೆಯುತ್ತದೆ ಎನ್ನಬಹುದು, ಆದರೆ ಕೋಣೆಯೊಳಗಿನ ಕಪಾಟಿಗಾದರೆ ಆದೀತು, ಸಮುದ್ರದ ಬದಿಯಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ನಿಲ್ಲುವ ಹಲಗೆಗೆ ಅದು ಸಾಲದು. ಕೂರಿಸುವ ಮುನ್ನ ಹಲಗೆಯ ನಾಲ್ಕೂ ಅಂಚುಗಳಿಗೆ ಮತ್ತು ಕೊರೆದ ಪ್ರತಿಯೊಂದು ತೂತಿನೊಳಗೆ ಎಪಾಕ್ಸಿ ಹಚ್ಚಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಚಕ್ರದ ಮೇಲಿನ ಗೂಡಿನ ಸುತ್ತ ಎಪಾಕ್ಸಿಯಲ್ಲಿ ನೆನೆಸಿದ ಗ್ಲಾಸ್ ಬಟ್ಟೆಯ ಪಟ್ಟಿ ಹಾಸಿದರೆ ಆ ಸಂದು ಶಾಶ್ವತವಾಗಿ ಮುಚ್ಚಿದ ಹಾಗೆ. ಮರಕ್ಕೆ ಎಪಾಕ್ಸಿಯೇ ಇರಲಿ, ಪಾಲಿಯೆಸ್ಟರಿನಷ್ಟು ಅಗ್ಗವಲ್ಲದಿದ್ದರೂ ಹಿಡಿತ ಚೆನ್ನಾಗಿದೆ.

ಯಾರಾದರೂ ಸ್ವತಃ ಪಾಲಿಯೆಸ್ಟರ್ ಕಲಸಲು ಹೊರಟರೆ ಒಂದು ಎಚ್ಚರಿಕೆ. ರಾಳ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸಿಡಿದು ಬೆಂಕಿ ಹತ್ತುತ್ತದೆ. ಕೋಬಾಲ್ಟನ್ನು ಮೊದಲು ರಾಳಕ್ಕೆ ಸೇರಿಸಿ ಚೆನ್ನಾಗಿ ಕಲಸಿದ ನಂತರವೇ ಹಾರ್ಡನರ್ ಹಾಕಬೇಕು. ಕಣ್ಣಿಗೆ ಕನ್ನಡಕ ಇಲ್ಲದೆ ಹಾರ್ಡನರಿನ ಬಾಟಲಿಯ ಮುಚ್ಚಳವನ್ನೂ ತೆಗೆಯಬಾರದು.

ಮಾಜಾಳಿ ತೀರವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಫೈಬರ್ ಮತ್ತು ಸಿಲಿಕೋನ್ ಎರಡನ್ನೂ ಕೈಬಿಟ್ಟಿದ್ದೇವೆ, ಚಪ್ಪರಕ್ಕೆ ಕಂಬಗಳನ್ನು ತರಿಸಿದ್ದಾಗಿದೆ. ಮೂಲೆಯ ಪ್ಲೈವುಡ್ ಬಿಚ್ಚಿದಾಗ ಒಳಗೆ ಎರಡು ರೀಪುಗಳು ಬೆರಳಲ್ಲಿ ಉಜ್ಜಿದರೆ ಪುಡಿಯಾಗುವಷ್ಟು ಕುಂಬಾಗಿದ್ದವು. ಇನ್ನೊಂದು ಸಂಗತಿಯನ್ನು ಮೊದಲೇ ಬರೆಯಬೇಕಿತ್ತು. ಮಳೆಯಲ್ಲಿ ಬರಿಗಾಲಿನಲ್ಲಿ ನಿಂತು ಬಾಗಿಲಿನ ಹಿಡಿಕೆ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಮನೆಯಿಂದ ಉದ್ದನೆಯ ವಯರೊಂದನ್ನು ಎಳೆದು ಕರೆಂಟು ಕೊಟ್ಟಿದ್ದೇವೆ, ಎಂಸಿಬಿ ಇದೆ. ಇದಕ್ಕೂ ಸೋರಿಕೆಗೂ ಸಂಬಂಧವಿದೆಯೇ? ಹಾಗೆಯೇ, ಮುಂದೆ ಏಸಿ ಹಾಕಿಸಿದರೆ ಒಳಗಿನ ತೇವ ಕಡಿಮೆಯಾಗುವುದಲ್ಲವೇ?

ತಂತಿದೀಪ, ಹೊನ್ನಾವರ

ಮಾಜಾಳಿಯವರೇ, ಇದನ್ನು ಓದಿದ ಕೂಡಲೇ ಮನೆಯ ಕಡೆಯಿಂದ ಆ ವಯರನ್ನು ತೆಗೆಯಿರಿ, ಉಳಿದದ್ದನ್ನು ಆಮೇಲೆ ಓದಿ. ಜುಮ್ಮೆನ್ನುವುದು ಸಣ್ಣ ಸಂಗತಿಯಲ್ಲ. ಟ್ರೇಲರಿನ ಮೈ ಪೂರ್ತಿ ಲೋಹ, ಅದು ನಿಂತಿರುವುದು ರಬ್ಬರ್ ಟಯರುಗಳ ಮೇಲೆ. ಅಂದರೆ ಅದಕ್ಕೆ ತಾನಾಗಿ ಅರ್ಥಿಂಗ್ ಇಲ್ಲ. ಒಳಗೆಲ್ಲೋ ಒದ್ದೆಯಾದ ಜಾಯಿಂಟಿನಿಂದ ಕರೆಂಟು ತಗಡಿಗೆ ಬಂದು ಕಾದು ಕುಳಿತಿದೆ, ಒದ್ದೆ ನೆಲದ ಮೇಲೆ ನಿಂತು ಮುಟ್ಟಿದವರ ದೇಹವೇ ಅದಕ್ಕೆ ಭೂಮಿಗೆ ಇಳಿಯುವ ದಾರಿಯಾಗುತ್ತದೆ. ಎಂಸಿಬಿ ಇದನ್ನು ತಡೆಯುವುದಿಲ್ಲ. ಅದು ಬೀಳುವುದು ಆಂಪಿಯರುಗಟ್ಟಲೆ ಹೆಚ್ಚು ಕರೆಂಟು ಹರಿದಾಗ, ಮನುಷ್ಯನ ಪ್ರಾಣಕ್ಕೆ ಅದರ ಒಂದು ಸಣ್ಣ ಅಂಶ ಸಾಕು. ನಿಮಗೆ ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಭೂಮಿಗೆ ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು; ಅದನ್ನು ಮನೆಯ ಕಡೆಯ ಬೋರ್ಡಿನಲ್ಲಿಯೇ, ಟ್ರೇಲರಿಗೆ ಹೋಗುವ ಸಾಲು ಹೊರಡುವ ಜಾಗದಲ್ಲಿ ಹಾಕಿಸಿ. ಮೂರು ಎಳೆಯ ಕೇಬಲಿನಲ್ಲಿ ಬರುವ ಅರ್ಥ್ ತಂತಿಯನ್ನು ಟ್ರೇಲರಿನ ಚಾಸಿಗೂ ಅಲ್ಯುಮಿನಿಯಂ ಮೈಗೂ ಬೋಲ್ಟ್ ಹಾಕಿ ಜೋಡಿಸಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಅಭ್ಯಾಸವಿರಲಿ, ಉಪ್ಪುಗಾಳಿಯಲ್ಲಿ ಅದರೊಳಗಿನ ಕೊಂಡಿ ಅಂಟಿಕೊಳ್ಳುವುದುಂಟು.

ಗೋಡೆ ಬಿಚ್ಚಿರುವ ಈಗಲೇ ಒಳಗಿನ ತಂತಿಗಳನ್ನು ನೋಡಿ. ಪಿವಿಸಿ ಹೊದಿಕೆಯ ತಂತಿ ಥರ್ಮಾಕೋಲಿಗೆ ತಾಗಿಕೊಂಡೇ ವರ್ಷಗಟ್ಟಲೆ ಇದ್ದರೆ, ಪಿವಿಸಿಯನ್ನು ಮೆದುವಾಗಿರಿಸುವ ದ್ರವ್ಯ ಥರ್ಮಾಕೋಲಿಗೆ ಇಳಿದುಹೋಗಿ ತಂತಿಯ ಹೊದಿಕೆ ಒಣಗಿದ ಕಡ್ಡಿಯಾಗುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಮುಟ್ಟಿದ ಕಡೆ ಥರ್ಮಾಕೋಲ್ ಕರಗಿದಂತೆ ಗುಳಿಬಿದ್ದಿದ್ದರೆ ಅದೇ ಗುರುತು. ಅಂಥ ತಂತಿಯನ್ನು ಪೂರ್ತಿ ಬದಲಿಸಿ, ಹೊಸದನ್ನು ಕೊಳವೆಯೊಳಗೆ ಹಾಕಿಸಿ. ಮೀಟರ್ ಹಿಡಿದು ಇನ್ಸುಲೇಷನ್ ಪರೀಕ್ಷಿಸಬಲ್ಲ, ಪರವಾನಗಿಯಿರುವ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಒಳಗಿನ ಕೆಲಸಕ್ಕೆ ಬ್ಯಾಟರಿಯ ದೀಪವನ್ನೇ ಬಳಸಿ.

ಸೋಗೆಮಾಡು, ಶಿರಸಿ

ಹೊನ್ನಾವರದವರು ಹೇಳಿದ್ದು ನಾನು ಬರೆದ ಎಲ್ಲಕ್ಕಿಂತ ಮೊದಲಿನದು.

ಏಸಿಯ ಪ್ರಶ್ನೆಗೆ ಉತ್ತರ ಸ್ವಲ್ಪ ಸುತ್ತಿಬಳಸಿ ಬರುತ್ತದೆ. ಏಸಿ ಕೋಣೆಯ ಗಾಳಿಯನ್ನು ಒಣಗಿಸುತ್ತದೆ ಎಂಬುದು ನಿಜ, ಆದರೆ ಮಳೆಗಾಲದ ಕರಾವಳಿಯಲ್ಲಿ ಹೊರಗಿನ ಗಾಳಿ 24–25 ಡಿಗ್ರಿಗೆ ತಣಿದರೆ ಸಾಕು, ಇಬ್ಬನಿಗಟ್ಟುತ್ತದೆ. ನೀವು ಏಸಿಯನ್ನು 20ಕ್ಕೆ ಇಟ್ಟರೆ ಒಳಗಿನ ಪ್ಲೈವುಡ್ಡಿನ ಬೆನ್ನು ಆ 24–25 ಡಿಗ್ರಿಗಿಂತ ತಣ್ಣಗಿರುತ್ತದೆ. ಹೊರತಗಡಿನ ಸಂದುಗಳಿಂದ ನುಸುಳಿದ ತೇವದ ಗಾಳಿ ಆ ಬೆನ್ನಿಗೆ ತಾಗಿ ನೀರಾಗುತ್ತದೆ. ಒಳಮೈಗೆ ಪ್ಲಾಸ್ಟಿಕ್ಕಿನ ವಾಲ್‌ಪೇಪರ್ ಅಂಟಿಸಿದ್ದರೆ ಆ ನೀರು ಕೋಣೆಯ ಕಡೆಗೂ ಒಣಗಲಾರದು. ಮಳೆ ಒಂದು ಹನಿಯೂ ಸೋರದ ಕ್ಯಾರವಾನಿನಲ್ಲಿ ಹೀಗೆಯೇ ಗೋಡೆ ಕೊಳೆಯಬಹುದು. ಏಸಿ ಬೇಕೇ ಬೇಕೆಂದರೆ 26ಕ್ಕೆ ಇಡಿ, ಒಳಗಿನ ಹಲಗೆಗೆ ವಾಲ್‌ಪೇಪರ್ ಅಂಟಿಸದೆ ಬಣ್ಣವನ್ನಷ್ಟೇ ಹಚ್ಚಿಸಿ, ಥರ್ಮಾಕೋಲನ್ನು ಸಂದಿಲ್ಲದಂತೆ ಕೂರಿಸಿ. ಘಟ್ಟದ ಮೇಲೆ ಇದೇ ಆಟ ತಿರುವುಮುರುವಾಗಿ ನಡೆಯುತ್ತದೆ. ಡಿಸೆಂಬರಿನ ಚಳಿಯ ರಾತ್ರಿ ಇಬ್ಬರು ಕಿಟಕಿ ಮುಚ್ಚಿ ಮಲಗಿದರೆ ಬೆಳಗಾಗುವುದರೊಳಗೆ ಅವರ ಉಸಿರು ಮತ್ತು ಮೈಯಿಂದ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರಿ, ತಣ್ಣಗಿನ ತಗಡಿಗೆ ಹನಿಗಟ್ಟುತ್ತದೆ. ಮಾಡು ಸೋರುತ್ತಿದೆಯೆಂದು ಜನ ಏಣಿ ಹತ್ತುವುದು ಆಗಲೇ.

ಒಣಗಿಸುವುದರ ಬಗ್ಗೆ. ಈಗ ಮರದಲ್ಲಿ ತೇವಾಂಶ ಶೇ. 30–40 ಇರಬಹುದು, ಅದನ್ನು ಶೇ. 20ಕ್ಕೆ ಇಳಿಸಲು ಚಪ್ಪರದಡಿ ಕಿಟಕಿ ತೆರೆದು, ಗಾಳಿಯಾಡಲು ಬಿಟ್ಟರೆ ಸಾಕು. ಅದಕ್ಕಿಂತ ಕೆಳಗಿಳಿಸಲು ಎರಡೇ ದಾರಿ. ಒಂದೋ ಬೇಸಿಗೆಯ ಗಾಳಿಗೆ ಕಾಯುವುದು, ಇಲ್ಲವೇ ಎಲೆಕ್ಟ್ರಿಷಿಯನ್ ಒಪ್ಪಿದ ಬಳಿಕ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ ಡಿಹ್ಯುಮಿಡಿಫೈಯರ್ ಓಡಿಸುವುದು. ಕಿಟಕಿ ತೆರೆದಿಟ್ಟು ಅದನ್ನು ಓಡಿಸಿದರೆ ಇಡೀ ಅರಬ್ಬೀ ಸಮುದ್ರವನ್ನೇ ಒಣಗಿಸಲು ಹೊರಟಂತೆ. ಎರಡು ಸೂಜಿಯ ತೇವಮಾಪಕವೊಂದನ್ನು ತರಿಸಿಕೊಳ್ಳಿ, ದುಬಾರಿಯಲ್ಲ. ಶೇ. 15ಕ್ಕಿಂತ ಕಡಿಮೆ ತೋರಿಸುವವರೆಗೆ ಯಾವ ಹಲಗೆಯನ್ನೂ ಮುಚ್ಚಬೇಡಿ.

ಬೂಷ್ಟನ್ನು ಸೋಪಿನ ನೀರಿನಿಂದ ಒರಸಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ. ಬ್ಲೀಚಿಂಗ್ ದ್ರಾವಣ ಬೇಡ, ಅದು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಉಳಿಸಿಕೊಳ್ಳುವ ರೀಪುಗಳಿಗೆ ಬಿಳಿಗಾರ (ಬೊರಾಕ್ಸ್) ಮೂರು ಪಾಲು, ಬೋರಿಕ್ ಪುಡಿ ಎರಡು ಪಾಲು ಸೇರಿಸಿ, ಹತ್ತು ಲೀಟರ್ ಬಿಸಿನೀರಿಗೆ ಸುಮಾರು ಒಂದು ಕಿಲೊ ಮಿಶ್ರಣ ಕರಗಿಸಿ, ಕುಂಚದಿಂದ ಧಾರಾಳವಾಗಿ ಹಚ್ಚಿ. ಇದು ಶಿಲೀಂಧ್ರಕ್ಕೂ ಒರಲೆಗೂ ಮದ್ದು, ಮರ ಸ್ವಲ್ಪ ತೇವವಾಗಿರುವಾಗಲೇ ಚೆನ್ನಾಗಿ ಒಳಗಿಳಿಯುವುದರಿಂದ ಮಳೆಗಾಲದಲ್ಲಿಯೂ ಮಾಡಬಹುದಾದ ಒಂದು ಕೆಲಸ. ಮಳೆನೀರು ತಾಗಿದರೆ ಮಾತ್ರ ತೊಳೆದುಹೋಗುತ್ತದೆ. ಬದಲಿಸುವ ರೀಪುಗಳಿಗೆ ಸಾಗವಾನಿಯೇ ಇರಲಿ. ಮತ್ತಿ ಗಟ್ಟಿಯಾದರೂ ಈ ಕೆಲಸಕ್ಕೆ ಭಾರ ಹೆಚ್ಚು. ಅಂಗಡಿಯಲ್ಲಿ ಸಿಗುವ ಪ್ಯಾಕಿಂಗ್ ಪೆಟ್ಟಿಗೆಯ ಬಿಳಿ ಮರ ಎರಡು ಮಳೆಗಾಲ ಕಂಡರೆ ಹೆಚ್ಚು.

ಮಾಜಾಳಿ ತೀರವಾಸಿ

ವಯರನ್ನು ಅಂದೇ ತೆಗೆದೆವು. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಹಿಂಬದಿಯ ದೀಪದ ಹಿಂದೆ, ಸೋರಿದ ನೀರು ಇಳಿಯುವ ದಾರಿಯಲ್ಲಿಯೇ, ಬರಿಯ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟೊಂದು ಸಿಕ್ಕಿತು. ಚಪ್ಪರ ಎದ್ದಿದೆ, ಪಶ್ಚಿಮಕ್ಕೆ ಮಡಲಿನ ತಟ್ಟಿ ಕಟ್ಟಿಸಿದ್ದೇವೆ. ನೆಂಟರಿಗೆ ಮನೆಯಲ್ಲಿಯೇ ವ್ಯವಸ್ಥೆ. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಬೇಸಿಗೆಯಲ್ಲಿ ಆಚಾರಿಯವರು ಬಂದಾಗ ಯಾವ ಕ್ರಮದಲ್ಲಿ ಕೆಲಸ ಹೇಳಬೇಕು? ಮಾಡಿನ ಅಂಚನ್ನು ಮೊದಲು ಸರಿಪಡಿಸಿ ಕೆಳಗೆ ಬರಬೇಕೇ, ನೆಲದಿಂದ ಮೇಲಕ್ಕೆ ಹೋಗಬೇಕೇ?

ಸೋಗೆಮಾಡು, ಶಿರಸಿ

ಚಪ್ಪರವಿರುವುದರಿಂದ ಮಾಡಿಗೆ ಅವಸರವಿಲ್ಲ, ನೆಲದಿಂದ ಮೇಲಕ್ಕೆ ಹೋಗಿ. ಇಂಥ ಟ್ರೇಲರುಗಳಲ್ಲಿ ಗೋಡೆಯ ಚೌಕಟ್ಟು ಕೂರುವುದು ನೆಲದ ಹಲಗೆಯ ಅಂಚಿನ ಮೇಲೆ. ಕೆಳಗಿನದನ್ನು ಬದಲಿಸದೆ ಮೇಲಿನದನ್ನು ಬಿಗಿದರೆ ಆಮೇಲೆ ಎಲ್ಲವೂ ಸಡಿಲವಾಗುತ್ತದೆ. ಚಾಸಿಯ ನಾಲ್ಕು ಮೂಲೆಗಳಿಗೆ ಜಾಕ್ ಕೊಟ್ಟು ಮಟ್ಟ ಮಾಡಿಸಿ, ಒಳಗಿನಿಂದ ಮಾಡಿಗೆ ಊರುಗಂಬ ನಿಲ್ಲಿಸಿದ ಮೇಲೆಯೇ ಕುಂಬಾದ ಕೆಳರೀಪುಗಳನ್ನು ತೆಗೆಯಲು ಹೇಳಿ, ಅದೂ ಒಂದು ಬದಿ ಮುಗಿದ ಬಳಿಕ ಇನ್ನೊಂದು ಬದಿ. ಚಾಸಿಯ ತುಕ್ಕನ್ನು ಕೆರೆದು ಬಣ್ಣ ಕೊಡುವುದಿದ್ದರೆ ನೆಲದ ಹಲಗೆ ತೆಗೆದಿರುವ ಆ ದಿನಗಳೇ ಅನುಕೂಲ. ನೆಲ, ಗೋಡೆಯ ಬುಡ, ಕಿಟಕಿಗಳು, ಗಾಳಿಕಿಂಡಿ, ಕೊನೆಗೆ ಮಾಡಿನ ಅಂಚಿನ ಮೋಲ್ಡಿಂಗ್. ತಗಡುಗಳೆಲ್ಲ ತಮ್ಮ ಜಾಗದಲ್ಲಿ ಕೂತ ಮೇಲಷ್ಟೇ ಆ ಪಟ್ಟಿ ಸರಿಯಾಗಿ ಬಿಗಿಯುತ್ತದೆ.

ಮೋಲ್ಡಿಂಗ್ ಆದ ಮೇಲೆ, ಒಳಗಿನ ಪ್ಲೈವುಡ್ ಹೊಡೆಯುವ ಮುನ್ನ, ತೋಟಕ್ಕೆ ನೀರು ಬಿಡುವ ಪೈಪನ್ನು ತಂದು ಪರೀಕ್ಷಿಸಿ. ಕೆಳಗಿನಿಂದ ಆರಂಭಿಸಿ, ಒಂದೊಂದು ಕಿಟಕಿಗೆ ಹತ್ತು ಹದಿನೈದು ನಿಮಿಷ ನೀರು ಬಿಡುತ್ತಾ ಮೇಲಕ್ಕೆ ಹೋಗಿ. ಒಮ್ಮೆಲೇ ಮಾಡಿನ ಮೇಲೆ ಸುರಿದರೆ ಎಲ್ಲಿ ಒಳಬಂತೆಂದು ತಿಳಿಯುವುದಿಲ್ಲ. ಒಬ್ಬರು ಹೊರಗೆ ಪೈಪು ಹಿಡಿಯಲಿ, ಇನ್ನೊಬ್ಬರು ಒಳಗೆ ಬ್ಯಾಟರಿ ಹಿಡಿದು ಬರಿಯ ರೀಪುಗಳನ್ನು ನೋಡುತ್ತಿರಲಿ. ಹನಿ ಕಂಡ ಕಡೆ ಸೀಸದಕಡ್ಡಿಯಿಂದ ಗುರುತು ಹಾಕಿ, ಅದರ ನೇರ ಮೇಲಿನ ಸ್ಕ್ರೂಗಳನ್ನು ಮತ್ತೆ ಬಿಚ್ಚಿ ಟೇಪು ಹಾಕಿಸಿ. ಆಚಾರಿಯವರ ಲೆಕ್ಕವನ್ನು ಈ ಪರೀಕ್ಷೆ ಮುಗಿದ ಮೇಲೆ ಚುಕ್ತಾ ಮಾಡಿದರಾಯಿತು.